ಒಲೆಯ ಹೊಗೆ ಹೊರಗೆ, ಬೆಳಕು ಒಳಗೆ: ಹಾವೇರಿ ಸೀಮೆಯ ಅಡುಗೆಮನೆಗಳಲ್ಲಿ ಕೆಲವು ದಿನ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರೂ ಊರುಗಳು ಒಂದೇ ರೈಲುಮಾರ್ಗದ ಮೇಲೆ ಒಂದರ ಹಿಂದೊಂದು ಬರುತ್ತವೆ. ಪಡುವಣಕ್ಕೆ ಹಾನಗಲ್ಲಿನ ಕಡೆಯಿಂದ ಮಲೆನಾಡಿನ ಸೆರಗು ಬೀಸಿದೆ. ಮೂಡಣಕ್ಕೆ ತುಂಗಭದ್ರೆಯ ದಂಡೆಯವರೆಗೆ ಎರೆಯ ಬಯಲು ಹಾಸಿದೆ. ನಡುವೆ ವರದೆ ಹರಿದು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಧಾರವಾಡ ಜಿಲ್ಲೆಯ ಭಾಗವಾಗಿದ್ದ ಈ ಸೀಮೆ 1997ರ ಆಗಸ್ಟ್ ತಿಂಗಳಲ್ಲಿ ಹಾವೇರಿ ಜಿಲ್ಲೆಯೆಂಬ ಸ್ವತಂತ್ರ ಹೆಸರನ್ನು ಪಡೆಯಿತು. ಶರಣರು, ಸಂತರು, ದೇಶಕ್ಕಾಗಿ ಪ್ರಾಣ ಕೊಟ್ಟ ವೀರರು ಹುಟ್ಟಿದ ಮಣ್ಣಿದು. ಇಲ್ಲಿ ಸಂಚರಿಸುವವರು ಸಾಮಾನ್ಯವಾಗಿ ಗುಡಿಗಳನ್ನು ನೋಡುತ್ತಾರೆ, ಗದ್ದುಗೆಗಳಿಗೆ ನಮಿಸುತ್ತಾರೆ, ಮಠಗಳಲ್ಲಿ ಪ್ರಸಾದ ಸ್ವೀಕರಿಸಿ ಹಿಂದಿರುಗುತ್ತಾರೆ. ನಾವು ಈ ಸಲ ಪ್ರವಚನದ ನಿಮಿತ್ತವಾಗಿ ಮಾರ್ಗಶಿರ ಮಾಸದಲ್ಲಿ ಈ ಭಾಗದ ಹಳ್ಳಿಗಳನ್ನು ಸುತ್ತುವಾಗ ಇವುಗಳ ಜೊತೆಗೆ ಇನ್ನೊಂದು ಸ್ಥಳವನ್ನು ಲಕ್ಷ್ಯವಿಟ್ಟು ನೋಡಿದೆವು. ಅದು ಭಕ್ತರ ಮನೆಯ ಅಡುಗೆಮನೆ.

ಅಡುಗೆಮನೆ ನೋಡುವಂಥ ಸ್ಥಳವೇ ಎಂದು ಓದುಗರು ಕೇಳಬಹುದು. ದಾಸೋಹವು ನಮ್ಮ ಧರ್ಮದ ಜೀವಾಳ. ಆ ದಾಸೋಹ ಆರಂಭವಾಗುವುದು ಒಲೆಯ ಮುಂದೆ. ಜಂಗಮನಿಗೆ ನೀಡುವ ತುತ್ತು, ಅತಿಥಿಗೆ ಬಡಿಸುವ ರೊಟ್ಟಿ, ಮಕ್ಕಳಿಗೆ ಕಾಸುವ ಹಾಲು ಇವೆಲ್ಲವೂ ಅಲ್ಲಿಂದ ಬರಬೇಕು. ಆದರೆ ಆ ಒಲೆಯ ಮುಂದೆ ಕುಳಿತ ತಾಯಿಯ ಕಣ್ಣು ಕೆಂಪಾಗಿ, ಉಸಿರು ಕಟ್ಟಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಅವಳು ಬೇಯಿಸಿದ ಪ್ರಸಾದವನ್ನು ನಾವು ಪಡಸಾಲೆಯಲ್ಲಿ ಕುಳಿತು ಸಂತೋಷದಿಂದ ಸ್ವೀಕರಿಸುತ್ತೇವೆ. ಸವಿದ ಬಾಯಿ ಅಡುಗೆಯನ್ನು ಹೊಗಳುತ್ತದೆ. ಬೇಯಿಸಿದ ಕಣ್ಣಿನ ಸುದ್ದಿಯನ್ನು ಯಾರೂ ವಿಚಾರಿಸುವುದಿಲ್ಲ.

ಬೆಳಕಿಂಡಿಯ ಬುದ್ಧಿವಂತಿಕೆ

ಹಾವೇರಿಯಲ್ಲಿ ಪುರದ ಸಿದ್ಧೇಶ್ವರನ ದರ್ಶನದಿಂದ ನಮ್ಮ ಸಂಚಾರ ಮೊದಲಾಯಿತು. ಕಲ್ಯಾಣ ಚಾಲುಕ್ಯರ ಕಾಲದ ಈ ದೇವಾಲಯ ಸಾಮಾನ್ಯ ರೂಢಿಯನ್ನು ಬಿಟ್ಟು ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುವುದು ಅದರ ವಿಶೇಷ. ಪೇಟೆಯಲ್ಲಿ ಏಲಕ್ಕಿ ಹಾರಗಳನ್ನು ಕಟ್ಟುವವರ ಕೈಚಳಕವನ್ನು ಕಂಡು, ಹುಕ್ಕೇರಿಮಠಕ್ಕೆ ಹೋಗಿ ನಮಿಸಿ, ಅಲ್ಲಿಂದ ವರದಾ ತೀರದ ಒಂದು ಹಳ್ಳಿಗೆ ಹೋದೆವು.

ನಾವು ಇಳಿದುಕೊಂಡಿದ್ದ ಮನೆ ಹಳೆಯ ಮೇಲುಮುದ್ದೆಯ ಮನೆ. ದಪ್ಪ ಮಣ್ಣಿನ ಗೋಡೆ, ಸಾಗವಾನಿಯ ತೊಲೆ, ಮೇಲೆ ಜಂತಿ, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಅಡುಗೆಮನೆಯ ನಡುನೆತ್ತಿಗೆ ಒಂದು ಬೆಳಕಿಂಡಿ. ಮಳೆ ಬಂದರೆ ಅದನ್ನು ಮುಚ್ಚಲು ಮೇಲೊಂದು ಕಲ್ಲುಹಾಸು. ಬೆಳಗಿನ ಹೊತ್ತು ಆ ಬೆಳಕಿಂಡಿಯಿಂದ ಬಿಸಿಲಿನ ಕೋಲು ಒಳಗಿಳಿಯುತ್ತಿತ್ತು, ಒಲೆಯ ಹೊಗೆ ಅದೇ ದಾರಿಯಲ್ಲಿ ಮೇಲೇರುತ್ತಿತ್ತು. ಒಂದೇ ಕಿಂಡಿಯಲ್ಲಿ ಬೆಳಕಿಗೆ ಪ್ರವೇಶ, ಹೊಗೆಗೆ ನಿರ್ಗಮನ.

ನಮ್ಮ ಹಿರಿಯರು ಶಾಸ್ತ್ರಗ್ರಂಥ ನೋಡಿ ಇದನ್ನು ಮಾಡಲಿಲ್ಲ, ಅನುಭವದಿಂದ ಮಾಡಿದರು. ಬಿಸಿಯಾದ ಗಾಳಿ ಹಗುರ, ತಂಪಾದ ಗಾಳಿ ಭಾರ. ಬಿಸಿಗಾಳಿಗೆ ಮೇಲೆ ದಾರಿ ಕೊಟ್ಟು, ತಂಪುಗಾಳಿಗೆ ಕೆಳಗೆ ಹಿತ್ತಲ ಬಾಗಿಲಿನಿಂದ ದಾರಿ ಕೊಟ್ಟರೆ ಹೊಗೆ ತಾನಾಗಿಯೇ ಹೊರಟುಹೋಗುತ್ತದೆ. ಹಂಚಿನ ಮನೆಗಳಲ್ಲಿ ಇನ್ನೂ ಸುಲಭ; ನಾಡಹಂಚಿನ ಸಂದುಗಳಲ್ಲೇ ಹೊಗೆ ಸೋರಿಹೋಗುತ್ತಿತ್ತು. ಬೆಳಗಿನ ಜಾವ ದೂರದಿಂದ ನೋಡಿದರೆ ಊರಿಗೆ ಊರೇ ಉಸಿರಾಡುತ್ತಿರುವಂತೆ ಕಾಣುತ್ತಿತ್ತು.

ಇಂದಿನ ಸ್ಥಿತಿ ಬೇರೆ. ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ಸ್ಲ್ಯಾಬು ಬಂದಿದೆ. ಸ್ಲ್ಯಾಬಿಗೆ ಬೆಳಕಿಂಡಿಯನ್ನು ಬಿಟ್ಟರೆ ಸೋರುತ್ತದೆಂದು ಗೌಂಡಿಗಳು ಬಿಡುವುದಿಲ್ಲ. ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಹಚ್ಚಿ ಎದ್ದಿರುವುದರಿಂದ ಕಿಟಕಿಗೂ ಜಾಗವಿಲ್ಲ. ಆದರೆ ಒಲೆ ಮಾತ್ರ ಹಳೆಯದೇ. ಮನೆಯ ನೆತ್ತಿಯನ್ನು ಮುಚ್ಚಿ, ಒಲೆಯನ್ನು ಹಾಗೆಯೇ ಉಳಿಸಿಕೊಂಡ ಈ ಮನೆಗಳಲ್ಲಿ ಹೊಗೆಯ ಕಷ್ಟ ಹಳೆಯ ಮಣ್ಣಿನ ಮನೆಗಿಂತ ಹೆಚ್ಚಾಗಿದೆ. ಮನೆ ಹೊಸದಾದರೆ ಸುಖವೂ ಹೊಸದಾಗುತ್ತದೆಂಬ ನಂಬಿಕೆಗೆ ಇದು ಅಪವಾದ.

ಇಲ್ಲಿಯ ಆಡುಮಾತಿನಲ್ಲಿ ಒಂದು ಸ್ವಾರಸ್ಯವುಂಟು. ಚಿಮಣಿ ಎಂದರೆ ನಮ್ಮ ಭಾಗದ ಹಿರಿಯರಿಗೆ ಮೊದಲು ನೆನಪಾಗುವುದು ಸೀಮೆಎಣ್ಣೆಯ ಬುಡ್ಡಿದೀಪ. ಒಬ್ಬ ಮುದುಕಿಗೆ ನಾವು, “ಒಲೆಗೆ ಒಂದು ಚಿಮಣಿ ಹಾಕಿಸಬೇಕು ತಾಯಿ” ಎಂದಾಗ ಆಕೆ ನಕ್ಕು, “ಒಲ್ಯಾಗ ಉರಿ ಐತಲ್ರೀ ಅಯ್ನಾರ, ಮತ್ತ್ ಚಿಮಣಿ ಯಾಕ?” ಎಂದಳು. ಆದ್ದರಿಂದ ಈ ಲೇಖನದಲ್ಲಿ ಹೊಗೆಕೊಳವೆ ಎಂಬ ಶಬ್ದವನ್ನೇ ಬಳಸುತ್ತೇವೆ.

ರಾಣೆಬೆನ್ನೂರಿನ ಹೊಗೆಕೊಳವೆ

ಹಾವೇರಿಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಸ್ವಾತಂತ್ರ್ಯ ಹೋರಾಟದಲ್ಲಿ 1943ರಲ್ಲಿ ಹುತಾತ್ಮರಾದ ಮೈಲಾರ ಮಹಾದೇವರ ಜನ್ಮಭೂಮಿ ಮೋಟೆಬೆನ್ನೂರು. ಅದನ್ನು ದಾಟಿ ಮುಂದೆ ಸಾಗಿದರೆ ರಾಣೆಬೆನ್ನೂರು. ಸಮಾಜೋದ್ಧಾರಕ್ಕಾಗಿ ಜೀವ ಸವೆಸಿ, 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಜನಿಸಿದ್ದು ಈ ತಾಲೂಕಿನಲ್ಲಿಯೇ. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಮುಕ್ತೇಶ್ವರ ದೇವಾಲಯವೂ, ನೇರನುಡಿಯ ಶರಣ ಅಂಬಿಗರ ಚೌಡಯ್ಯನವರ ಸ್ಮೃತಿಯೂ ಇವೆ. ಊರಿನ ಹೊರಗೆ 1974ರಲ್ಲಿ ಘೋಷಿತವಾದ ಕೃಷ್ಣಮೃಗಗಳ ಅಭಯಾರಣ್ಯ. ನೀಲಗಿರಿ ನೆಡುತೋಪುಗಳ ನಡುವೆ ಜಿಂಕೆಗಳು ಜಿಗಿಯುವುದನ್ನು ನೋಡುವುದೇ ಒಂದು ಆನಂದ.

ರಾಣೆಬೆನ್ನೂರಿನ ಒಂದು ಭಕ್ತರ ಮನೆಯಲ್ಲಿ ಹೊಗೆಕೊಳವೆಯಿದ್ದೂ ಹೊಗೆ ಕೋಣೆಯೊಳಗೇ ತಿರುಗುತ್ತಿತ್ತು. ಮನೆಯವರು ಖರ್ಚು ಮಾಡಿ ಹಾಕಿಸಿದ್ದರು. ಹಾಕಿದವನು ಹಣ ಪಡೆದು ಹೋದ ಮೇಲೆ ಮತ್ತೆ ಇತ್ತ ಮುಖ ಮಾಡಲಿಲ್ಲ. “ಕೊಳವಿ ಹಾಕಿದ್ರೂ ಹೊಗಿ ಹೋಗಂಗಿಲ್ಲ, ಇದು ನಮ್ಮ ಹಣೇಬರಹ” ಎಂದು ಆ ಮನೆಯ ಸೊಸೆ ನಿಟ್ಟುಸಿರು ಬಿಟ್ಟಳು. ಎರಡು ವರ್ಷಗಳಿಂದ ಅವಳಿಗೆ ಬಿಡದ ಕೆಮ್ಮು. ಹಣೆಬರಹವೆಂದು ಕೈಕಟ್ಟಿ ಕೂಡುವುದು ಶರಣಧರ್ಮವಲ್ಲ. ಆದ್ದರಿಂದ ಯಜಮಾನರನ್ನೂ ಅವರ ಮಗನನ್ನೂ ಕರೆದುಕೊಂಡು ಮಾಳಿಗೆ ಹತ್ತಿ, ಒಲೆಯಿಂದ ಕೊಳವೆಯ ತುದಿಯವರೆಗೆ ಒಂದೊಂದನ್ನೇ ಪರೀಕ್ಷಿಸಿದೆವು. ಅಲ್ಲಿ ಕಂಡ ದೋಷಗಳು ಅನೇಕ ಮನೆಗಳಲ್ಲಿ ಇರತಕ್ಕವು. ಅವನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು ಕೊಳವೆಯ ಎತ್ತರ. ಅದು ಮಾಳಿಗೆಯಿಂದ ಒಂದು ಮೊಳ ಮಾತ್ರ ಮೇಲೆದ್ದಿತ್ತು. ಪಕ್ಕದಲ್ಲಿಯೇ ನೆರೆಮನೆಯವರ ಮೇಲಂತಸ್ತಿನ ಗೋಡೆ ಎದ್ದು ನಿಂತಿತ್ತು. ಪಡುವಣ ಗಾಳಿ ಆ ಗೋಡೆಗೆ ಬಡಿದು ಕೆಳಮುಖವಾಗಿ ಸುತ್ತಿ ಕೊಳವೆಯ ಬಾಯಿಯೊಳಗೆ ನುಗ್ಗುತ್ತಿತ್ತು. ಹೊಗೆಯನ್ನು ಒಳಗೆ ದೂಡುತ್ತಿತ್ತು. ಕೊಳವೆಯ ಸುತ್ತ 10 ಅಡಿಯೊಳಗೆ ಇರುವ ಗೋಡೆ, ಮಾಡಿನ ಏಣು, ನೀರಿನ ಟಾಕಿ ಯಾವುದೇ ಆಗಲಿ, ಅದಕ್ಕಿಂತ ಕೊಳವೆಯ ತುದಿ ಕನಿಷ್ಠ 2 ಅಡಿ ಮೇಲಿರಬೇಕೆಂಬುದು ಬಲ್ಲವರು ಪಾಲಿಸುವ ನಿಯಮ. ಎತ್ತರ ಹೆಚ್ಚಿದಂತೆ ಸೆಳೆತವೂ ಹೆಚ್ಚುತ್ತದೆ. ಕೊಳವೆಯ ಒಳಗಿನ ಬಿಸಿಗಾಳಿಯ ಕಂಬ ಉದ್ದವಾದಷ್ಟೂ ಅದು ಕೆಳಗಿನ ಹೊಗೆಯನ್ನು ಬಲವಾಗಿ ಎಳೆಯುತ್ತದೆ.

ಎರಡನೆಯದು ಕೊಳವೆಯ ತಿರುವು. ಒಲೆಯಿಂದ ಹೊರಟ ಕೊಳವೆ ಗೋಡೆಗುಂಟ ಅಡ್ಡಲಾಗಿ ನಾಲ್ಕು ಮೊಳ ಸಾಗಿ, ಎರಡು ಕಡೆ ಮೊಣಕೈಯಂತೆ ಮಡಚಿ ಮೇಲೇರಿತ್ತು. ಹೊಗೆಗೆ ಅಡ್ಡದಾರಿ ಸೇರುವುದಿಲ್ಲ. ನೆಟ್ಟಗೆ ಏರುವ ಕೊಳವೆಯೇ ಉತ್ತಮ. ತಿರುಗಿಸಲೇಬೇಕಾದರೆ ಓರೆಯಾಗಿ ತಿರುಗಿಸಬೇಕು. ಮನೆಯ ಒಲೆಗೆ ಕೊಳವೆಯ ಒಳಬಾಯಿ 4 ಅಂಗುಲಕ್ಕೆ ಕಡಿಮೆಯಿರಬಾರದು. ಬಾಯಿ ತೆರೆದ ದೊಡ್ಡ ಒಲೆಯ ಮೇಲೆ ಕವುಚಿದ ಹೊಗೆಗೂಡು ಕಟ್ಟಿಸುವವರು, ಒಲೆಯ ಮುಂದೆ ತೆರೆದಿರುವ ಜಾಗದ ವಿಸ್ತಾರದ ಹತ್ತನೆಯ ಒಂದು ಭಾಗದಷ್ಟಾದರೂ ಕೊಳವೆಯ ವಿಸ್ತಾರವಿರುವಂತೆ ನೋಡಿಕೊಳ್ಳಬೇಕು. ದೊಡ್ಡ ಬಾಯಿಗೆ ಸಣ್ಣ ಗಂಟಲಾದರೆ ಹೊಗೆ ಉಕ್ಕಿ ಕೋಣೆಗೆ ಬರುವುದು ಸಹಜ.

ಮೂರನೆಯದು ಮಸಿ. ಕೊಳವೆಯನ್ನು ಹಾಕಿಸಿದ ಮೇಲೆ ಒಮ್ಮೆಯೂ ತೊಳೆದಿರಲಿಲ್ಲ. ಬಿದಿರಿನ ತುದಿಗೆ ಹಳೆಯ ಗೋಣಿಯ ತುಂಡು ಕಟ್ಟಿ ಮಗನು ಮೇಲಿನಿಂದ ಆಡಿಸಿದಾಗ ಬುಟ್ಟಿ ತುಂಬ ಮಸಿ ಉದುರಿತು. ಹೆಬ್ಬೆರಳಷ್ಟು ದಾರಿ ಮಾತ್ರ ಉಳಿದಿತ್ತು. ದಿನವೂ ಒಲೆ ಉರಿಯುವ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ, ಅಮಾವಾಸ್ಯೆಯ ದಿನವೆಂದು ನಿಯಮ ಮಾಡಿಕೊಂಡು, ಒಲೆ ತಣ್ಣಗಿರುವಾಗ ಇದನ್ನು ಶುಚಿ ಮಾಡಬೇಕು. ಕಟ್ಟಿದ ಮಸಿ ಹೊಗೆಯನ್ನು ತಡೆಯುವುದಷ್ಟೇ ಅಲ್ಲ, ತಾನೇ ಹೊತ್ತಿಕೊಂಡು ಮನೆಗೆ ಬೆಂಕಿ ತರಲೂಬಹುದು. ಆದ ಕಾರಣ ಕೊಳವೆಯು ಜಂತಿಗಾಗಲಿ ತೊಲೆಗಾಗಲಿ ತಾಕದಂತೆ ನಡುವೆ ಅಂತರವಿಡಬೇಕು.

ನಾಲ್ಕನೆಯದು ಯಾರ ಲಕ್ಷ್ಯಕ್ಕೂ ಬಾರದ ಮಾತು. ಚಳಿಯೆಂದು ಆ ಮನೆಯವರು ಕಿಟಕಿ, ಬಾಗಿಲು ಎರಡನ್ನೂ ಬಿಗಿಯಾಗಿ ಮುಚ್ಚಿ ಅಡುಗೆ ಮಾಡುತ್ತಿದ್ದರು. ಒಂದು ಕಿಲೋ ಒಣ ಕಟ್ಟಿಗೆ ಪೂರ್ತಿ ಉರಿಯಬೇಕಾದರೆ ಸುಮಾರು 6 ಕಿಲೋ ಗಾಳಿ ಬೇಕು. ಗಾಳಿಗೆ ತೂಕವೇ ಎಂದು ನಗಬಾರದು. ಅಷ್ಟು ಗಾಳಿ ಹೆಚ್ಚುಕಡಿಮೆ ಮೂರು ಗೇಣು ಮೇಲಿನ ಗಾಳಿಯಲ್ಲ, ಒಂದು ಸಣ್ಣ ಕೋಣೆಯ ಕಾಲುಭಾಗವನ್ನೇ ತುಂಬುವಷ್ಟು ಗಾಳಿ. ಕೊಳವೆಯ ಮೂಲಕ ಇಷ್ಟು ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬರಲು ದಾರಿಯಿಲ್ಲದಿದ್ದರೆ ಕೊಳವೆಯಿಂದಲೇ ಕೆಳಗಿಳಿಯುತ್ತದೆ, ಜೊತೆಗೆ ಹೊಗೆಯನ್ನೂ ತರುತ್ತದೆ. ನಾವು ಹಿತ್ತಲ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆಯಿಸಿದೆವು. ಕೋಣೆಯಲ್ಲಿ ತೇಲುತ್ತಿದ್ದ ಹೊಗೆ ನೋಡನೋಡುತ್ತಿದ್ದಂತೆ ಒಲೆಯ ಕಡೆಗೆ ತಿರುಗಿತು. ಗಾಳಿಯನ್ನು ಹೊರಗೆ ಎಳೆಯುವ ವಿದ್ಯುತ್ ಪಂಖೆಯನ್ನು ಅದೇ ಕೋಣೆಯಲ್ಲಿ ಹಚ್ಚಿದವರು ಇದನ್ನು ಮರೆಯಬಾರದು. ಕಿಟಕಿ ಮುಚ್ಚಿ ಪಂಖೆ ತಿರುಗಿಸಿದರೆ ಅದು ಕೊಳವೆಯೊಡನೆ ಜಗ್ಗಾಟಕ್ಕೆ ನಿಂತು ಹೊಗೆಯನ್ನು ಮರಳಿ ಒಳಗೆ ಎಳೆಯುತ್ತದೆ.

ಐದನೆಯದು ತಣ್ಣಗಿನ ಕೊಳವೆ. ಬೆಳಗಿನ ಚಳಿಯಲ್ಲಿ ಕೊಳವೆಯೊಳಗಿನ ಗಾಳಿ ಭಾರವಾಗಿ ಕುಳಿತಿರುತ್ತದೆ. ಒಲೆ ಹೊತ್ತಿಸುವ ಮೊದಲು ಒಂದು ಹಿಡಿ ಒಣ ಜೋಳದ ರವದಿಯನ್ನೋ ಕಾಗದವನ್ನೋ ಕೊಳವೆಯ ಬುಡದಲ್ಲಿ ಉರಿಸಿ ಅದನ್ನು ಬೆಚ್ಚಗೆ ಮಾಡಿದರೆ ಸೆಳೆತ ಆರಂಭವಾಗುತ್ತದೆ. ಅನಂತರ ಒಲೆ ಹಚ್ಚಿದರೆ ಮೊದಲ ಹೊಗೆಯೂ ಹೊರದಾರಿಯನ್ನೇ ಹಿಡಿಯುತ್ತದೆ.

ಆ ಮನೆಯ ಮಗ ನಾವು ಹೊರಡುವಷ್ಟರಲ್ಲಿ ಅಡ್ಡಕೊಳವೆಯನ್ನು ತೆಗೆಯಿಸಿ ನೆಟ್ಟಗೆ ಏರಿಸಿ, ನೆರೆಯ ಗೋಡೆಗಿಂತ ಎತ್ತರಕ್ಕೆ ಒಯ್ದು, ಮಳೆನೀರು ಬೀಳದಂತೆ ತಗಡಿನ ಟೊಪ್ಪಿಗೆಯನ್ನು ಸ್ವಲ್ಪ ಅಂತರ ಬಿಟ್ಟು ಕೂಡಿಸಿದ್ದನು. ಸೊಸೆಯ ಕೆಮ್ಮಿಗೆ ವೈದ್ಯರ ಬಳಿ ಹೋಗಲೇಬೇಕೆಂದು ಹೇಳಿ ಬಂದೆವು. ಹೊಗೆ ನಿಂತ ಮಾತ್ರಕ್ಕೆ ಹಳೆಯ ರೋಗ ತಾನಾಗಿ ಹೋಗುತ್ತದೆಂದು ಸುಮ್ಮನಿರಬಾರದು.

ಸೌದೆಯ ಮಾತು

ಹೊಗೆಗೆ ಕೊಳವೆ ಎಷ್ಟು ಕಾರಣವೋ ಸೌದೆಯೂ ಅಷ್ಟೇ ಕಾರಣ. ಈ ಸೀಮೆಯಲ್ಲಿ ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು, ಜಾಲಿ, ನೀಲಗಿರಿ, ಕುಳ್ಳು ಇವೇ ಉರುವಲು. ಆಗ ತಾನೇ ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಲೆಯ ಕಾವೆಲ್ಲ ಆ ನೀರನ್ನು ಆವಿ ಮಾಡುವುದರಲ್ಲೇ ವ್ಯರ್ಥವಾಗಿ, ಉರಿ ಕಾಣದೆ ಹೊಗೆಯೇ ಏಳುತ್ತದೆ. ಸೀಳಿ, ಗಾಳಿಯಾಡುವಂತೆ ಒಟ್ಟಿ, ಮಳೆಗೆ ತೋಯದಂತೆ ಮಾಡಿನಡಿ ಒಂದು ಬೇಸಿಗೆ ಕಳೆಯಿಸಿದ ಕಟ್ಟಿಗೆಯಲ್ಲಿ ನೀರಿನಂಶ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಿರಿಯರು ಮಳೆಗಾಲಕ್ಕೆ ಮೊದಲೇ ಬಣವೆಯಂತೆ ಕಟ್ಟಿಗೆ ಒಟ್ಟುತ್ತಿದ್ದುದರ ಗುಟ್ಟು ಇದೇ.

ಇಲ್ಲಿ ಒಂದು ತತ್ತ್ವವನ್ನು ಓದುಗರು ಗಮನಿಸಬೇಕು. ಹೊಗೆಯೆಂದರೆ ಪೂರ್ತಿ ಉರಿಯದೆ ಉಳಿದ ಸೌದೆ. ಗೋಡೆಗೆ ಹತ್ತಿದ ಮಸಿಯೂ, ಜಂತಿಗೆ ಜೋತುಬಿದ್ದ ಇಲ್ಲಣವೂ ಉರಿಯಬೇಕಾಗಿದ್ದು ಉರಿಯದೆ ಹೋದ ಕಟ್ಟಿಗೆಯೇ. ನಾವು ಹಣೆಗೆ ಧರಿಸುವ ವಿಭೂತಿಯನ್ನು ನೋಡಿರಿ. ಗೋಮಯದ ಉಂಡೆ ಅರೆಬರೆ ಬೆಂದರೆ ಕಪ್ಪಾಗಿಯೇ ಉಳಿಯುತ್ತದೆ. ಒಳಗಿನವರೆಗೆ ಪೂರ್ಣವಾಗಿ ದಹಿಸಿದಾಗ ಮಾತ್ರ ಶುಭ್ರವಾದ ಭಸ್ಮವಾಗುತ್ತದೆ. ಹಾಗೆಯೇ ಒಲೆಯಲ್ಲಿ ಬೆಳ್ಳಗಿನ ಬೂದಿ ಉಳಿದರೆ ಅದು ಒಳ್ಳೆಯ ಉರಿ. ಕಪ್ಪು ಕೊಳ್ಳಿ, ಮಸಿ ಉಳಿದರೆ ಅರೆ ಉರಿ. ತಾಯಂದಿರು ಬೂದಿಯ ಬಣ್ಣವನ್ನು ನೋಡಿಯೇ ತಮ್ಮ ಒಲೆಯ ಯೋಗ್ಯತೆಯನ್ನು ತಿಳಿಯಬಹುದು. ಸೌದೆಯನ್ನು ಒಮ್ಮೆಲೇ ತುರುಕದೆ ಸ್ವಲ್ಪಸ್ವಲ್ಪವಾಗಿ ಒಟ್ಟುವುದು, ಕೆಳಗಿನಿಂದ ಗಾಳಿ ಬರುವಂತೆ ಕಬ್ಬಿಣದ ಜಾಲರಿಯ ಮೇಲೆ ಉರಿಸುವುದು, ಬೂದಿಯನ್ನು ದಿನವೂ ತೆಗೆಯುವುದು ಇವು ಖರ್ಚಿಲ್ಲದ ಉಪಾಯಗಳು. ಊದುಗೊಳವೆಯನ್ನು ಮೇಲಿಂದ ಮೇಲೆ ಹಿಡಿಯಬೇಕಾಗಿ ಬಂದರೆ ಒಲೆಗೆ ಉಸಿರಿಲ್ಲವೆಂದೇ ಅರ್ಥ. ಒಲೆಯ ಉಸಿರನ್ನು ತಾಯಿಯ ಎದೆಯಿಂದ ತುಂಬುವುದು ನ್ಯಾಯವಲ್ಲ.

ಬ್ಯಾಡಗಿಯ ಘಾಟು

ಬ್ಯಾಡಗಿಯ ಹೆಸರನ್ನು ಕೇಳದ ಅಡುಗೆಮನೆ ಕನ್ನಡನಾಡಿನಲ್ಲಿ ಇರಲಾರದು. ಸುಕ್ಕುಗಟ್ಟಿದ ಸಿಪ್ಪೆ, ಕಡುಕೆಂಪು ಬಣ್ಣ, ಮಿತವಾದ ಖಾರ ಇವು ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಬಣ್ಣ ದೇಶವಿದೇಶಗಳಿಗೆ ಹೋಗುತ್ತದೆ. ಸುಗ್ಗಿಯಲ್ಲಿ ಮಾರುಕಟ್ಟೆಯ ತುಂಬ ಕೆಂಪು ರಾಶಿ. ರಾಶಿಗಳ ಪಕ್ಕದಲ್ಲಿ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ಹಗಲೆಲ್ಲ ಅವರಿಗೆ ಮೆಣಸಿನಕಾಯಿಯ ಘಾಟು. ಸಂಜೆ ಮನೆಗೆ ಬಂದರೆ ಒಲೆಯ ಹೊಗೆ.

ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ ವಯೋವೃದ್ಧೆಯಾದ ತಾಯಿಯೊಬ್ಬಳು ನಮಗೆ ಪ್ರಸಾದಕ್ಕೆ ಅಣಿಮಾಡಿದ್ದಳು. ಮಗನು ಗ್ಯಾಸಿನ ಒಲೆ ತಂದಿಟ್ಟಿದ್ದನು. ಅದು ಚಹಾ ಕಾಸಲು ಮಾತ್ರ. ರೊಟ್ಟಿಗೆ ಅವಳು ಕಟ್ಟಿಗೆಯ ಒಲೆಯನ್ನೇ ಹಿಡಿದಿದ್ದಳು.

“ಗ್ಯಾಸಿನ ಮ್ಯಾಲೆ ರೊಟ್ಟಿ ಉಬ್ಬಿದ್ರೂ ರುಚಿ ಬರಂಗಿಲ್ರೀ ಅಯ್ನಾರ. ಹಂಚಿನಿಂದ ತೆಗದು ಕೆಂಡದ ಮುಂದ ನಿಲ್ಲಿಸಿದ್ರನ ಅದು ರೊಟ್ಟಿ” ಎಂದಳು.

“ರೊಟ್ಟಿಯ ರುಚಿಯನ್ನು ನಾವು ಅಲ್ಲಗಳೆಯುವುದಿಲ್ಲ ಯವ್ವಾ. ಆದರೆ ನಿನ್ನ ಕಣ್ಣು?” ಎಂದೆವು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಕಣ್ಣು ಪೊರಿ ತೆಗಿಸೀನ್ರಿ. ಇನ್ನೊಂದು ಮಬ್ಬಾಗೇತಿ. ಈಗ ಸೊಸಿ ಕುಂದರ್ತಾಳ್ರಿ ಒಲಿ ಮುಂದ. ಅಕಿ ಕಣ್ಣು ಇನ್ನೂ ಚಲೋ ಅದಾವು” ಎಂದಳು.

ಈ ಮಾತನ್ನು ಕೇಳಿ ಪಂಕ್ತಿಯಲ್ಲಿ ಕುಳಿತ ನಮಗೆ ತುತ್ತು ಗಂಟಲಲ್ಲಿ ಇಳಿಯದಾಯಿತು. ಒಬ್ಬಳ ಕಣ್ಣು ಮಬ್ಬಾದ ಮೇಲೆ ಇನ್ನೊಬ್ಬಳ ಕಣ್ಣನ್ನು ಒಲೆಗೆ ಒಪ್ಪಿಸುವುದು ಮನೆಮನೆಯ ಪರಂಪರೆಯಾಗಿ ನಡೆದುಬಂದಿದೆ. ಆಕೆ ದುಷ್ಟಳಲ್ಲ, ತನಗೆ ಅತ್ತೆ ಒಪ್ಪಿಸಿದ್ದನ್ನು ತಾನು ಸೊಸೆಗೆ ಒಪ್ಪಿಸಿದಳು. ಪ್ರಸಾದವಾದ ಮೇಲೆ ಮಗನನ್ನು ಕರೆದು ಮಾತನಾಡಿದೆವು. ಕಟ್ಟಿಗೆ ಪುಕ್ಕಟೆ, ಸಿಲಿಂಡರು ದುಬಾರಿ ಎಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ಖರ್ಚನ್ನೂ ಕಟ್ಟಿಗೆ ತರಲು ಕಳೆದ ಹೊತ್ತನ್ನೂ ಅವನು ಹಿಡಿದಿರಲಿಲ್ಲ. ಕೊನೆಗೆ ರೊಟ್ಟಿಯ ಒಲೆಯನ್ನು ಹಿತ್ತಲಿನ ತೆರೆದ ಚಪ್ಪರಕ್ಕೆ ಒಯ್ದು ಅಲ್ಲಿ ಹೊಗೆಕೊಳವೆಯ ಸಹಿತ ಕಟ್ಟಿಸುವುದೆಂದೂ, ಒಳಮನೆಯಲ್ಲಿ ಉಳಿದ ಅಡುಗೆಯೆಲ್ಲ ಗ್ಯಾಸಿನ ಮೇಲೆಯೇ ಎಂದೂ ಒಪ್ಪಿದನು. ತಾಯಿಯ ರುಚಿಯೂ ಉಳಿಯಿತು, ಸೊಸೆಯ ಕಣ್ಣಿಗೂ ರಕ್ಷಣೆಯಾಯಿತು.

ಬಲ್ಲವರು ಮಾಡಿದ ಪ್ರಯತ್ನಗಳು

ಹೊಗೆಯ ಕಷ್ಟ ನಮ್ಮೊಬ್ಬರದೇ ಅಲ್ಲ. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಹೊಗೆಯುಗುಳುವ ಕೊಳವೆಗಳ ಕಾರಣ ಮತ್ತು ಪರಿಹಾರಗಳನ್ನು ಕುರಿತು ಒಂದು ದೀರ್ಘ ಪತ್ರವನ್ನೇ ಬರೆದನು. ಬಾಗಿಲು ಬಿಗಿಯಾಗಿ ಮುಚ್ಚಿದ ಕೋಣೆ, ಹತ್ತಿರದ ಎತ್ತರದ ಕಟ್ಟಡ, ಗಿಡ್ಡ ಕೊಳವೆ ಇವೇ ಅವನು ಕಂಡ ದೋಷಗಳು. ಅವನು ಅಲ್ಲಿ ಕಂಡದ್ದನ್ನೇ ನಾವು ರಾಣೆಬೆನ್ನೂರಿನ ಮಾಳಿಗೆಯ ಮೇಲೆ ಕಂಡೆವು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಹೈದರಾಬಾದಿನ ಎಸ್. ಪಿ. ರಾಜು ಅವರು ಬಡವರ ಮನೆಗೆ ಹೊಂದುವ ಹೊಗೆರಹಿತ ಮಣ್ಣಿನ ಒಲೆಯನ್ನು ರೂಪಿಸಿದರು.

ಕನ್ನಡಿಗರು ಅಭಿಮಾನಪಡಬೇಕಾದ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯಕುಮಾರ ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಹಳ್ಳಿಗಳಿಗೆ ಉಪಯುಕ್ತವಾದ ತಂತ್ರವಿದ್ಯೆಯನ್ನೇ ತನ್ನ ಗುರಿಯಾಗಿಸಿಕೊಂಡಿತು. ಅಲ್ಲಿಯ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ರೂಪಿಸಿದ ‘ಅಸ್ತ್ರ ಒಲೆ’ ನಾಡಿನ ಅನೇಕ ಮನೆಗಳನ್ನು ಸೇರಿತು. ಒಂದೇ ಉರಿಯ ಮೇಲೆ ಸಾಲಾಗಿ ಮೂರು ಪಾತ್ರೆ, ಕೆಳಗೆ ಜಾಲರಿ, ಕೊನೆಗೆ ಹೊಗೆಕೊಳವೆ. ಮುಂದಿನ ಪಾತ್ರೆಗೆ ತಗುಲಿದ ಕಾವು ವ್ಯರ್ಥವಾಗದೆ ಹಿಂದಿನ ಪಾತ್ರೆಗಳಿಗೂ ಸಲ್ಲುತ್ತದೆ. ನಮ್ಮ ಹಳೆಯ ಕೋಡೊಲೆಯ ತತ್ತ್ವವನ್ನೇ ಶಾಸ್ತ್ರೀಯವಾಗಿ ಬೆಳೆಸಿದಂತಿದೆ ಅದು. ಕೇಂದ್ರ ಸರಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ 1980ರ ದಶಕದಲ್ಲಿ ಆರಂಭವಾಗಿ 2002ರವರೆಗೆ ನಡೆಯಿತು. ಒಲೆ ಕಟ್ಟಿಕೊಟ್ಟವರು ಅನೇಕರು. ಕಟ್ಟಿದ ಮೇಲೆ ಬಿರುಕು ಮೆತ್ತುವುದನ್ನೂ ಮಸಿ ತೆಗೆಯುವುದನ್ನೂ ಕಲಿಸಿದವರು ಕಡಿಮೆ. ಆದ್ದರಿಂದ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು. ಆಗ ಹಾಕಿದ ಕಲ್ನಾರಿನ ಕೊಳವೆಗಳು ಇನ್ನೂ ಕೆಲವು ಮನೆಗಳಲ್ಲಿವೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷ. ಅವನ್ನು ಕೊಯ್ಯುವುದಾಗಲಿ ಒಡೆಯುವುದಾಗಲಿ ಕೂಡದು. ಹೊಸದಾಗಿ ಹಾಕಿಸುವವರು ತಗಡಿನ ಅಥವಾ ಸುಟ್ಟ ಮಣ್ಣಿನ ಕೊಳವೆಯನ್ನೇ ಹಾಕಿಸಬೇಕು.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಕುಟುಂಬಗಳ ತಾಯಂದಿರ ಹೆಸರಿನಲ್ಲಿಯೇ ಗ್ಯಾಸಿನ ಸಂಪರ್ಕ ಬಂದಿತು. ಇದು ದೊಡ್ಡ ಉಪಕಾರ. ಆದರೆ ಸಂಪರ್ಕ ಬಂದ ಮನೆಯಲ್ಲಿಯೂ ಸಿಲಿಂಡರು ಮುಗಿದಾಗ ಕಟ್ಟಿಗೆಯ ಒಲೆ ಮತ್ತೆ ಹೊತ್ತುತ್ತದೆ. ಬಚ್ಚಲಿನ ಹಂಡೆಯ ಒಲೆಯಂತೂ ಬಹುತೇಕ ಕಡೆ ಕಟ್ಟಿಗೆಯದೇ. ಆದುದರಿಂದ ಗ್ಯಾಸು ಬಂದಿತೆಂದು ಹೊಗೆಯ ವಿಚಾರವನ್ನು ಮುಗಿಸುವಂತಿಲ್ಲ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಐದು ವರ್ಷದೊಳಗಿನ ಕೂಸುಗಳು. ಯುದ್ಧದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಈ ಸಾವುಗಳಿಗೆ ಸದ್ದಿಲ್ಲ.

ಬಾಣಂತಿಯ ಕೋಣೆ

ಇಲ್ಲಿ ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ನಮ್ಮ ಭಾಗದಲ್ಲಿ ಬಾಣಂತಿಗೂ ಕೂಸಿಗೂ ಶೇಗಡಿಯಲ್ಲಿ ಕೆಂಡವಿಟ್ಟು ಕಾಸುವ, ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಕೊಡುವ ರೂಢಿಯಿದೆ. ಗಾಳಿ ತಾಕಬಾರದೆಂದು ಕೋಣೆಯನ್ನು ಮುಚ್ಚಿಯೂ ಇರುತ್ತಾರೆ. ಬೆಚ್ಚಗಿಡಬೇಕೆಂಬ ಪ್ರೀತಿಯೇ ಇದರ ಮೂಲ. ಪ್ರೀತಿಯನ್ನು ನಾವು ತೆಗಳುವುದಿಲ್ಲ. ಆದರೆ ಹೊಗೆ ಕಾಣದ ಕೆಂಡವೂ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ತಲೆನೋವು, ತಲೆಸುತ್ತು ಎನ್ನುತ್ತಲೇ ಎಚ್ಚರ ತಪ್ಪಿ, ಮೇಲೇಳದೆ ಹೋಗಬಹುದು. ಹಸುಗೂಸಿನ ಎಳೆಯ ಶ್ವಾಸಕ್ಕೆ ಯಾವ ಹೊಗೆಯೂ ಹಿತವಲ್ಲ. ಕೆಂಡದ ಶೇಗಡಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಲೇಬಾರದು. ಬೆಚ್ಚಗಿಡಲು ಕೌದಿ, ಕುಲಾಯಿ, ತಾಯಿಯ ಮಡಿಲು ಇವು ಸಾಕು. ಮನೆಯ ಹಿರಿಯ ತಾಯಂದಿರು ಈ ಮಾತನ್ನು ನಡೆಸಿಕೊಡಬೇಕೆಂದು ನಮ್ಮ ಪ್ರಾರ್ಥನೆ.

ಹೊಗೆ ಬೇಕೆನ್ನುವವರಿಗೆ

ಹೊಗೆಯಿಂದ ಜಂತಿಗೆ ಹುಳ ಹತ್ತುವುದಿಲ್ಲ, ಒಲೆಯ ಮೇಲೆ ಜೋತುಬಿಟ್ಟ ಬೀಜದ ತೆನೆಗೆ ನುಸಿ ಬೀಳುವುದಿಲ್ಲ ಎಂದು ಕೆಲವರು ನಮ್ಮೊಡನೆ ವಾದಿಸಿದರು. ಅದು ಸುಳ್ಳಲ್ಲ. ಆದರೆ ಜಂತಿಗೆ ಬೇವಿನೆಣ್ಣೆ ಬಳಿಯಬಹುದು. ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಕಾಯ್ದಿಡಬಹುದು. ಮರಕ್ಕೂ ಬೀಜಕ್ಕೂ ಬೇರೆ ಉಪಾಯಗಳಿವೆ. ಹೋದ ಕಣ್ಣಿಗೆ, ಕೆಟ್ಟ ಎದೆಗೆ ಬೇರೆ ಉಪಾಯ ಎಲ್ಲಿದೆ?

ಇನ್ನು ಕೆಲವರು ಅಡುಗೆಮನೆ ಆಗ್ನೇಯ ಮೂಲೆಗಿದ್ದರೆ ಸಾಕು, ಉಳಿದುದೆಲ್ಲ ತಾನೇ ಸರಿಹೋಗುತ್ತದೆ ಎಂದರು. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಆಗ್ನೇಯದ ಹೊಗೆ ಮನೆಯಿಂದ ಆಚೆಗೆ ಹೋಗುವುದು ನಿಜ. ಹಿರಿಯರ ಸಂಪ್ರದಾಯಕ್ಕೆ ಅಷ್ಟರ ಮಟ್ಟಿಗೆ ಅರ್ಥವಿದೆ. ಚಳಿಗಾಲದಲ್ಲಿ ಮೂಡಣ ಗಾಳಿ ತಿರುಗಿದರೆ ಅದೇ ಹೊಗೆ ಪಡಸಾಲೆಗೆ ಬರುತ್ತದೆ. ದಿಕ್ಕನ್ನು ನಂಬಿ ಕೂಡುವುದಕ್ಕಿಂತ ಕಿಟಕಿಯನ್ನು ತೆರೆಯುವುದು ಮೇಲು.

ಭಕ್ತರಲ್ಲಿ ಅರಿಕೆ

ಈ ಸಂಚಾರದಲ್ಲಿ ನಮಗೆ ಮನದಟ್ಟಾದ ಒಂದು ಸಂಗತಿಯಿದೆ. ನಾವು ಹೋದ ಮನೆಗಳಲ್ಲಿ ಹೊಗೆಯ ಕಾರಣವನ್ನು ಹುಡುಕುವುದಕ್ಕೆ ಅರ್ಧ ದಿನಕ್ಕಿಂತ ಹೆಚ್ಚು ಬೇಕಾಗಲಿಲ್ಲ. ಖರ್ಚೂ ಒಂದು ಹಬ್ಬದ ಖರ್ಚನ್ನು ಮೀರಲಿಲ್ಲ. ಆದರೂ ವರ್ಷಗಟ್ಟಲೆ ಅದು ಹಾಗೆಯೇ ಉಳಿದುದು ಏಕೆ? ಮನೆ ಕಟ್ಟಿಸುವ, ಹಣ ತೆಗೆಯುವ ನಿರ್ಧಾರ ಗಂಡಸಿನದು. ಒಲೆಯ ಮುಂದೆ ಕೂಡುವ ಬದುಕು ಹೆಂಗಸಿನದು. ಹೊಗೆ ಯಾರ ಕಣ್ಣಿಗೆ ಹೋಗುತ್ತದೆಯೋ ಅವರ ಮಾತು ಮನೆ ಕಟ್ಟುವಾಗ ನಡೆಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅನುಭವಮಂಟಪದಲ್ಲಿ ಶರಣೆಯರಿಗೆ ಸಮಸ್ಥಾನವನ್ನು ಕೊಟ್ಟ ಧರ್ಮ ನಮ್ಮದೆಂದು ವೇದಿಕೆಯ ಮೇಲೆ ಹೇಳುತ್ತೇವೆ. ಆ ಸಮತೆ ಪಡಸಾಲೆಯನ್ನು ದಾಟಿ ಅಡುಗೆಮನೆಯವರೆಗೆ ಹೋಗಬೇಡವೇ?

ಆದ್ದರಿಂದ ಗೃಹಸ್ಥ ಭಕ್ತರು ಒಂದು ಕೆಲಸ ಮಾಡಲಿ. ಬರುವ ಸೋಮವಾರ ಬೆಳಗಿನ ಲಿಂಗಪೂಜೆ ಮುಗಿಸಿ, ತಮ್ಮ ಮನೆಯಲ್ಲಿ ಅಡುಗೆ ನಡೆಯುವಾಗ ಒಲೆಯ ಪಕ್ಕದಲ್ಲಿ ಒಂದು ತಾಸು ಕುಳಿತುಕೊಳ್ಳಲಿ. ಕಣ್ಣುರಿ ಬಂದರೆ ಏಳಬಾರದು. ಅಷ್ಟು ಹೊತ್ತಿನಲ್ಲಿ ಹೊಗೆ ಎಲ್ಲಿಂದ ಏಳುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ತಾನೇ ತಿಳಿಯುತ್ತದೆ. ಆಮೇಲೆ ಕಿಟಕಿ ತೆರೆಯುವುದೋ, ಕೊಳವೆ ಏರಿಸುವುದೋ, ಗ್ಯಾಸು ತುಂಬಿಸುವುದೋ, ಒಲೆಯನ್ನು ಹಿತ್ತಲಿಗೆ ಒಯ್ಯುವುದೋ, ತಮ್ಮ ಶಕ್ತಿಗೆ ತಕ್ಕಂತೆ ಮಾಡಲಿ. ಮಠಗಳ ದಾಸೋಹದ ಅಡುಗೆಮನೆಗಳಲ್ಲಿ ದಿನವಿಡೀ ದುಡಿಯುವವರ ವಿಷಯದಲ್ಲಿಯೂ ಆಡಳಿತ ನೋಡುವವರು ಇದೇ ಲಕ್ಷ್ಯವನ್ನು ವಹಿಸಬೇಕು. ಗೋಪುರಕ್ಕೆ ಬಣ್ಣ ಬಳಿಯಿಸುವ ದಾನಿಗಳು ಬಹಳ ಜನ ಸಿಗುತ್ತಾರೆ. ದಾಸೋಹದ ಒಲೆಗೆ ಹೊಗೆಕೊಳವೆ ಹಾಕಿಸುವ ದಾನಿಗೆ ಅವರಿಗಿಂತ ಕಡಿಮೆ ಪುಣ್ಯವಿಲ್ಲ.

ಹಾವೇರಿ ಸೀಮೆಯ ತಾಯಂದಿರು ನಮಗೆ ಬಡಿಸಿದ ರೊಟ್ಟಿ, ಎಣ್ಣೆಗಾಯಿ, ಬ್ಯಾಡಗಿಯ ಕೆಂಪು ಚಟ್ನಿಗಳ ಋಣ ನಮ್ಮ ಮೇಲಿದೆ. ಆ ಋಣವನ್ನು ಹೊಗಳಿಕೆಯಿಂದ ತೀರಿಸಲಾಗದು. ಅವರ ಮನೆಗಳ ಒಲೆ ಆರದಿರಲಿ, ಅವರ ಕಣ್ಣಿನ ಬೆಳಕೂ ಆರದಿರಲಿ ಎಂದು ಬಸವಾದಿ ಪ್ರಮಥರಲ್ಲಿ ಪ್ರಾರ್ಥಿಸುತ್ತೇವೆ.